ಗೆದ್ದ ಟೀಮ್ ಮರೆತ್ವಿ, ಸೋತ ಟೀಮ್ ಹಿಡ್ಕೊಂಡ್ವಿ: ವಿಜಯಪುರದಿಂದ ಕಂಡ ಆರ್‌ಸಿಬಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಟಿಕೋಟಾ ಬಸ್ಸಿಗೆ ಕಾಯ್ಕೊಂತ ನಿಂತವರಿಗೂ, ಬಬಲೇಶ್ವರದಾಗ ಮೋಟರ್ ಚಾಲೂ ಮಾಡಿ ಬದುವಿನ ಮ್ಯಾಲೆ ಕೂತು ಕೇಳೋವರಿಗೂ, ಬೆಂಗಳೂರಿನ ಪಿಜಿ ರೂಮಿನಿಂದ ಕೇಳೋ ನಮ್ಮೂರ ಹುಡುಗ ಹುಡುಗಿಯರಿಗೂ ಸ್ವಾಗತ.

ಇವತ್ತು ಒಂದೇ ಪ್ರಶ್ನೆ. ನಮ್ಮ ಜಿಲ್ಲೆಯ ಹೆಸರು ಹೊತ್ತ ಒಂದು ಕ್ರಿಕೆಟ್ ಟೀಮ್ ಇತ್ತು, ಬಿಜಾಪುರ ಬುಲ್ಸ್. ಕರ್ನಾಟಕ ಪ್ರೀಮಿಯರ್ ಲೀಗ್, ಅಂದ್ರೆ ಕೆಪಿಎಲ್‌ನಲ್ಲಿ 2015ರಲ್ಲಿ ಕಪ್ ಗೆದ್ದಿತು. 2018ರಲ್ಲಿ ಮತ್ತೊಮ್ಮೆ ಗೆದ್ದಿತು. ಈಗ ಆ ಟೀಮೇ ಇಲ್ಲ. ಅದು ಹೋಯ್ತಲ್ಲ ಅಂತ ನಮ್ಮ ಕಡೆ ಒಬ್ಬರಾದ್ರೂ ಅತ್ತದ್ದನ್ನ ನಾನು ನೋಡಿಲ್ಲ.

ಇನ್ನೊಂದು ಟೀಮ್ ಬೆಂಗಳೂರಿಂದು. ನಮ್ಮೂರಿಂದ 500 ಕಿಲೋಮೀಟರ್‌ಗಿಂತ ದೂರ. 2008ರಿಂದ 2024ರವರೆಗೆ 17 ಸೀಸನ್ ಆಡಿ ಒಂದೂ ಕಪ್ ತರಲಿಲ್ಲ. ಆದ್ರೆ ಅದು ಸೋತ ರಾತ್ರಿ ನಮ್ಮ ಮನೆಯಲ್ಲಿ ಊಟ ಬಿಟ್ಟು ಮಲಗಿದವರಿದ್ದಾರೆ. ಅದರಾಗ ನಾನೂ ಒಬ್ಬ. ಹಿಂಗ್ಯಾಕ? ಇದನ್ನೇ ಇವತ್ತು ಬಿಡಿಸಿ ನೋಡೋಣ.

ಮೊದಲ ರಾತ್ರಿಯೇ 82

2008ರ ಏಪ್ರಿಲ್ 18. ಐಪಿಎಲ್‌ನ ಮೊಟ್ಟಮೊದಲ ಪಂದ್ಯ, ಚಿನ್ನಸ್ವಾಮಿಯಲ್ಲಿ. ಬೇಸಿಗೆ ರಜೆ ಅಂತ ನಾನು ಟಿಕೋಟಾದ ಸೋದರಮಾವನ ಮನೆಯಲ್ಲಿದ್ದೆ. ಪಡಸಾಲೆಯಲ್ಲಿ ಟಿವಿ, ಅದರ ಮುಂದೆ ಓಣಿಯ ಅರ್ಧ ಮಂದಿ. ಕೋಲ್ಕತ್ತದ ಬ್ರೆಂಡನ್ ಮೆಕಲಮ್ 73 ಬಾಲಿಗೆ 158 ಹೊಡೆದು ಔಟಾಗದೆ ಉಳಿದರು. ಅವರ ಟೀಮ್ 222. ನಮ್ಮವರು 82ಕ್ಕೆ ಆಲೌಟ್. ಆ ದಿನ ಆರ್‌ಸಿಬಿಯ ಬ್ಯಾಟರ್‌ಗಳಲ್ಲಿ ಹೆಚ್ಚು ರನ್ ಮಾಡಿದ್ದು ಪ್ರವೀಣ್ ಕುಮಾರ್, 18. ಎಕ್ಸ್‌ಟ್ರಾ 19. ಅಂದ್ರೆ ನಮ್ಮ ಟಾಪ್ ಸ್ಕೋರರ್ ಎದುರಾಳಿ ಕೊಟ್ಟ ಎಕ್ಸ್‌ಟ್ರಾ!

ಮಾವ ಟಿವಿ ಬಂದ್ ಮಾಡಿ ಅಂದ: "ಟೆಸ್ಟ್ ಆಡೋ ಮಂದಿನ್ನ ತಂದು ಟ್ವೆಂಟಿ ಓವರಿಗೆ ನಿಲ್ಲಿಸ್ಯಾರಲ್ಲೋ ತಮ್ಮಾ." ಮಾತು ಪೂರ್ತಿ ಸುಳ್ಳಲ್ಲ. ದ್ರಾವಿಡ್, ಕಾಲಿಸ್, ವಾಸಿಂ ಜಾಫರ್ ಇದ್ದ ಟೀಮ್ ಅದು. ಆ ವರ್ಷ ಎಂಟು ಟೀಮಿನಲ್ಲಿ ಏಳನೇ ಸ್ಥಾನ.

ಆಮೇಲೆ ಮೂರು ಸಲ ಕಪ್ಪಿನ ಬಾಗಿಲಿಗೆ ಹೋಗಿ ವಾಪಸ್ ಬಂದ್ವಿ. 2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ ಸೋಲು. ಅವತ್ತು ಅನಿಲ್ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ತೆಗೆದಿದ್ದರು, ಆದರೂ ಸೋಲು. 2011ರಲ್ಲಿ ಚೆನ್ನೈ ಎದುರು 58 ರನ್ ಸೋಲು. 2016ರದ್ದು ಮಾತ್ರ ಇನ್ನೂ ಒಳಗ ಚುಚ್ತದ. ನಮ್ಮದೇ ಚಿನ್ನಸ್ವಾಮಿ. ಕೊಹ್ಲಿ ಆ ಸೀಸನ್‌ನಲ್ಲಿ 973 ರನ್ ಮಾಡಿದ್ದರು. 209 ಬೇಕಿತ್ತು, ಗೇಲ್, ಕೊಹ್ಲಿ ಮೊದಲ ವಿಕೆಟ್‌ಗೆ 114 ಹೊಡೆದಿದ್ದರು. ಸನ್‌ರೈಸರ್ಸ್ ಎದುರು ಸೋತದ್ದು 8 ರನ್ನಿಂದ.

ಇನ್ನೊಂದು ತಾರೀಖು ನೆನಪಿಡ್ರಿ, ಏಪ್ರಿಲ್ 23. 2013ರ ಆ ದಿನ ಗೇಲ್ ಒಬ್ಬರೇ 175, ಟೀಮ್ 263. ನಾಲ್ಕು ವರ್ಷದ ನಂತರ ಅದೇ ತಾರೀಖು, 2017ರಲ್ಲಿ, ಈಡನ್ ಗಾರ್ಡನ್ಸ್‌ನಲ್ಲಿ ಇಡೀ ಟೀಮ್ 49. ಆರ್‌ಸಿಬಿ ಫ್ಯಾನ್ ಆಗೋದು ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಈ ಎರಡು ಸ್ಕೋರ್ ಹೇಳ್ತೀನಿ.

ಎದುರಾಳಿಗಳು ಮನೆಯಲ್ಲೇ ಇದ್ದಾರೆ

ಬೆಂಗಳೂರಿನವರಿಗೆ ಎದುರಾಳಿ ಅಂದ್ರೆ ಟಿವಿಯಲ್ಲಿ ಕಾಣೋ ಟೀಮ್. ನಮ್ಮ ಕಡೆ ಹಂಗಲ್ಲ. ಟಿಕೋಟಾದ ನನ್ನ ಗೆಳೆಯ ಮುಂಬೈ ಇಂಡಿಯನ್ಸ್. ಬಬಲೇಶ್ವರದ ಚಿಕ್ಕಪ್ಪನ ಮಗ ಧೋನಿ ಭಕ್ತ, ಅಂದ್ರೆ ಚೆನ್ನೈ. ಒಂದೇ ತಾಟಿನಾಗ ಉಂಡವರು ಏಪ್ರಿಲ್ ಬಂತಂದ್ರ ವಾಟ್ಸ್‌ಆ್ಯಪ್ ಗ್ರೂಪ್‌ನಾಗ ಜಗಳ.

ಮುಂಬೈ ಯಾಕೆ? ನಕ್ಷೆ ನೋಡ್ರಿ. ಸೋಲಾಪುರ ನಮಗೆ ಸುಮಾರು 100 ಕಿಲೋಮೀಟರ್. ಟಿಕೋಟಾ ದ್ರಾಕ್ಷಿ ಸೀಮೆ. ಇಲ್ಲಿನ ಒಣದ್ರಾಕ್ಷಿಗೆ ಸಾಂಗ್ಲಿ, ತಾಸಗಾಂವ್ ಮಾರುಕಟ್ಟೆ ಬಹಳ ಕಾಲದ್ದು. 1956ರ ತನಕ ನಮ್ಮ ಜಿಲ್ಲೆ ಇದ್ದದ್ದೇ ಮುಂಬೈ ಆಡಳಿತದಲ್ಲಿ. ದುಡಿಯಲು ಆ ಕಡೆ ಹೋದವರು, ಬೀಗತನ ಮಾಡಿದವರು ಊರೂರಲ್ಲಿದ್ದಾರೆ. ಹಂಗಾಗಿ ಸಚಿನ್, ರೋಹಿತ್ ಆಡೋ ಟೀಮ್ ಇವರಿಗೆ ಪರರದ್ದು ಅನ್ನಿಸಲೇ ಇಲ್ಲ. ಮೇಲಾಗಿ 2013, 2015, 2017, 2019, 2020, ಹೀಗೆ ಐದು ಕಪ್. ಚೆನ್ನೈಗೂ ಐದು. ಚಿಕ್ಕಪ್ಪನ ಮಗನ ವಾದ ಸರಳ: "ಗೆಲ್ಲೋ ಎತ್ತಿನ ಬಾಲ ಹಿಡೀಬೇಕಣ್ಣಾ. ನೀ ಯಾಕ ಬಿದ್ದ ಎತ್ತಿಗೆ ಮೇವು ಹಾಕ್ತಿ?"

ಬೀಳ್ತಿದ್ದದ್ದು ಯಾಕೆ? ಮೂರು ಕಾರಣ

"ನಸೀಬು ಸರಿ ಇಲ್ಲ" ಅಂತ ಹೇಳಿ ಕೈ ತೊಳ್ಕೊಬಹುದು. ಆದರೆ 17 ವರ್ಷ ಬರೀ ನಸೀಬು ಕೈ ಕೊಡೋದಿಲ್ಲ.

ಒಂದು, ಗ್ರೌಂಡ್. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದಷ್ಟೂ ಬಾಲ್ ದೂರ ಹಾರುತ್ತದೆ. ಅದರ ಮೇಲೆ ಚಿನ್ನಸ್ವಾಮಿಯ ಬೌಂಡರಿಗಳು ಚಿಕ್ಕವು. "ಎದುರಾಳಿಗೂ ಅದೇ ಗ್ರೌಂಡ್ ಅಲ್ವಾ?" ಅಂತ ಕೇಳಬಹುದು. ಹೌದು, ಆದರೆ ಅವರ ಬೌಲರ್ ಅಲ್ಲಿ ಸೀಸನ್‌ಗೆ ಒಂದು ಸಲ ಹೊಡೆತ ತಿನ್ನುತ್ತಾನೆ. ನಮ್ಮ ಬೌಲರ್ ಏಳು ಪಂದ್ಯ ತಿನ್ನಬೇಕು. ಚೆನ್ನೈಯವರು ಚೆಪಾಕ್‌ನ ನಿಧಾನ ಪಿಚ್‌ಗೆ ತಕ್ಕ ಸ್ಪಿನ್ನರ್‌ಗಳನ್ನು ಕಟ್ಟಿಕೊಂಡು ತವರನ್ನು ಕೋಟೆ ಮಾಡಿಕೊಂಡರು. ಚಿನ್ನಸ್ವಾಮಿಗೆ ಅಂಥ ಬಾಗಿಲು ಇಲ್ಲ, ಬಂದವರೆಲ್ಲ ಹೊಡೀತಾರೆ.

ಎರಡು, ದುಡ್ಡು ಹಂಚಿದ ರೀತಿ. ಐಪಿಎಲ್‌ನಲ್ಲಿ ಪ್ರತಿ ಟೀಮಿಗೂ ಖರ್ಚಿನ ಮಿತಿ ಇರುತ್ತದೆ. 2025ರ ಸೀಸನ್‌ಗೆ ಅದು 120 ಕೋಟಿ ಇತ್ತು. ಸಂತೆಗೆ ಒಂದೇ ಚೀಲ ದುಡ್ಡು ಒಯ್ದಂತೆ. ಮೊದಲ ಅಂಗಡಿಯಲ್ಲೇ ಅರ್ಧ ಸುರಿದರೆ ಎಣ್ಣೆ, ಬೇಳೆಗೆ ಏನು ಉಳೀತದ? ನಾವು ವರ್ಷಗಟ್ಟಲೆ ದೊಡ್ಡ ಬ್ಯಾಟರ್‌ಗಳ ಮೇಲೆ ಸುರಿದ್ವಿ. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ, ಮರುವರ್ಷ ಬಿಟ್ಟುಬಿಟ್ಟರು. ಮೇಲಿನ ಮೂವರು ಆಡಿದ ದಿನ 263, ಆಡದ ದಿನ 49. ಕೊನೆಯ ನಾಲ್ಕು ಓವರ್ ಹಾಕೋ ಬೌಲರ್‌ಗೆ ಮಾತ್ರ ಚೀಲದ ತಳದ ಚಿಲ್ಲರೆ.

ಮೂರು, ಕೈಯಲ್ಲಿದ್ದವರನ್ನು ಬಿಟ್ಟದ್ದು. 2016ರ ಫೈನಲ್ ಆಡಿದ ನಮ್ಮ ತಂಡದಲ್ಲಿ ಯಜುವೇಂದ್ರ ಚಹಲ್, ಕೆ.ಎಲ್. ರಾಹುಲ್ ಇಬ್ಬರೂ ಇದ್ದರು. ಚಹಲ್ ಆರ್‌ಸಿಬಿಗೆ 139 ವಿಕೆಟ್ ತೆಗೆದುಕೊಟ್ಟವರು. 2022ರಲ್ಲಿ ರಾಜಸ್ಥಾನಕ್ಕೆ ಹೋದರು, ಆ ವರ್ಷವೇ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡರು. ರಾಹುಲ್ 2025ರ ಏಪ್ರಿಲ್ 10ರಂದು ಡೆಲ್ಲಿ ಪರ ಚಿನ್ನಸ್ವಾಮಿಯಲ್ಲೇ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಜಾಗ ಅನ್ನೋ ಹಂಗ ಬ್ಯಾಟ್ ಊರಿದರು. ಕನ್ನಡದ ಹುಡುಗ, ಕನ್ನಡದ ನೆಲ, ಸೋತವರು ನಾವು. ಆ ರಾತ್ರಿ ಸಿಟ್ಟು ಬರಬೇಕೋ ಹೆಮ್ಮೆ ಪಡಬೇಕೋ ತಿಳೀಲಿಲ್ಲ ನನಗ.

ದ್ರಾಕ್ಷಿ ಶೆಡ್ಡಿನ ಮಧ್ಯಾಹ್ನ

2024ರ ಏಪ್ರಿಲ್ 21, ಭಾನುವಾರ. ಟಿಕೋಟಾದಲ್ಲಿ ಮಾವನ ಒಣದ್ರಾಕ್ಷಿ ಶೆಡ್. ಬಲೆಯ ಮೇಲೆ ದ್ರಾಕ್ಷಿ ಹರಡಿದೆ, ಕೆಳಗೆ ನಾವು ಮೂವರು ಒಂದು ಮೊಬೈಲ್ ಸುತ್ತ. ಏಳು ಪಂದ್ಯದಲ್ಲಿ ಆರು ಸೋತಿದ್ವಿ. ಕೋಲ್ಕತ್ತ 222. ಕೊನೆ ಓವರಿಗೆ 21 ಬೇಕು, ಬೌಲರ್ ಮಿಚೆಲ್ ಸ್ಟಾರ್ಕ್. ಕರ್ಣ್ ಶರ್ಮಾ ಮೂರು ಸಿಕ್ಸ್ ಹೊಡೆದರು. ಆದರೂ 221ಕ್ಕೆ ಆಲೌಟ್. ಒಂದೇ ಒಂದು ರನ್ ಸೋಲು.

ಮುಂಬೈ ಗೆಳೆಯ ನಕ್ಕ: "ಒಂದ್ ರನ್ ಆದ್ರೇನು, ನೂರ್ ರನ್ ಆದ್ರೇನು, ಸೋಲು ಸೋಲೇ ಐತಿ ದೋಸ್ತ." ನಾನು ಫೋನ್ ಜೇಬಿಗಿಟ್ಟು, "ಸಾಕು, ಮುಂದಿನ ವರ್ಷದಿಂದ ನೋಡೋದೇ ಬ್ಯಾಡ" ಅಂದೆ. ಮಾವ ಬಲೆ ಸರಿ ಮಾಡುತ್ತಾ ತಲೆ ಎತ್ತದೆ ಅಂದ: "ಏಪ್ರಿಲ್‌ನಾಗ ಒಂದ್ ಮಳಿ ಬಿತ್ತಂದ್ರ ಈ ಮಾಲ್ ಎಲ್ಲಾ ಕಪ್ಪ ಆಗ್ತೈತಿ. ವರ್ಷದ ದುಡಿಮಿ ನೀರಾಗ. ಹಂಗಂತ ಬಳ್ಳಿ ಕಿತ್ತು ಒಗೀತೀನೇನು ನಾ?"

ಅವನಿಗೆ ಕ್ರಿಕೆಟ್ ಆಟ. ಆ ಬಲೆಯ ಮೇಲೆ ಇದ್ದದ್ದು ಮನೆಯ ಸಾಲ, ಮಗಳ ಫೀಸು. ಆದರೂ ನನಗೆ ಆ ಹೊತ್ತಿಗೆ ಬೇಕಾಗಿದ್ದ ಉತ್ತರ ಅವನ ಹತ್ತಿರ ಇತ್ತು.

ನೆಟ್ ರನ್ ರೇಟ್: ಆ ವರ್ಷ ನಮ್ಮನ್ನು ಎತ್ತಿದ ಲೆಕ್ಕ

ಅಲ್ಲಿಂದ ಆರ್‌ಸಿಬಿ ಸಾಲಾಗಿ ಆರು ಪಂದ್ಯ ಗೆದ್ದಿತು. ಮೇ 18ರ ಕೊನೆಯ ಲೀಗ್ ಪಂದ್ಯ ಚೆನ್ನೈ ಎದುರು. ಬರೀ ಗೆದ್ದರೆ ಸಾಲದು, ಕನಿಷ್ಠ 18 ರನ್ನಿಂದ ಗೆಲ್ಲಬೇಕು ಅಂತ ಎಲ್ಲರೂ ಹೇಳ್ತಿದ್ದರು. ಈ 18 ಎಲ್ಲಿಂದ ಬಂತು ಅಂತ ಬಹಳ ಜನ ಇವತ್ತಿಗೂ ಕೇಳ್ತಾರೆ.

ಪಾಯಿಂಟ್ ಸಮ ಆದಾಗ ನೆಟ್ ರನ್ ರೇಟ್ ನೋಡ್ತಾರೆ. ಸೀಸನ್ ಪೂರ್ತಿ ನಾವು ಓವರಿಗೆ ಸರಾಸರಿ ಎಷ್ಟು ರನ್ ಹೊಡೆದ್ವಿ, ಅದರಿಂದ ಓವರಿಗೆ ಸರಾಸರಿ ಎಷ್ಟು ಕೊಟ್ವಿ ಅನ್ನೋದನ್ನ ಕಳೀರಿ. ಅಷ್ಟೇ. ಒಂದು ಸೂಕ್ಷ್ಮ ಇದೆ: ಟೀಮ್ ಆಲೌಟ್ ಆದರೆ, ಆಡಿದ ಓವರ್ ಎಷ್ಟೇ ಇರಲಿ, ಪೂರ್ತಿ 20 ಅಂತ ಹಿಡೀತಾರೆ. 2017ರ ಆ 49ನ್ನೇ ತಗೊಳ್ರಿ. ಆರ್‌ಸಿಬಿ ಆಡಿದ್ದು 9.4 ಓವರ್. ಲೆಕ್ಕಕ್ಕೆ ಮಾತ್ರ 49 ಭಾಗ 20, ಅಂದ್ರೆ 2.45. ಕೋಲ್ಕತ್ತ 131, ಅವರೂ ಆಲೌಟ್, 6.55. ಕಳೆದರೆ ಮೈನಸ್ 4.10. ಒಂದೇ ಕೆಟ್ಟ ಸಂಜೆ ಇಡೀ ಸೀಸನ್ನಿನ ಸರಾಸರಿಯನ್ನು ಕೆಳಗೆ ಎಳೆಯುತ್ತದೆ.

2024ಕ್ಕೆ ವಾಪಸ್ ಬರೋಣ. ಚೆನ್ನೈಗೆ ಆಗಲೇ 14 ಪಾಯಿಂಟ್ ಇತ್ತು. ಗೆದ್ದರೆ ನಮಗೂ 14. ಆದರೆ ರನ್ ರೇಟ್ ಅವರದ್ದು ಮೇಲಿತ್ತು. ಅದನ್ನು ದಾಟಲು ಬೇಕಾದ ಅಂತರವೇ 18. ನಮ್ಮವರು 218 ಮಾಡಿದರು. ಅಂದ್ರೆ ಚೆನ್ನೈ 219 ಹೊಡೆದರೆ ಗೆಲುವು, 201 ಹೊಡೆದರೆ ಸೋತರೂ ಒಳಗೆ! ಕೊನೆಯ ಓವರಿಗೆ ಅವರಿಗೆ ಬೇಕಾಗಿದ್ದು 17. ಬೌಲರ್ ಯಶ್ ದಯಾಳ್. ಹಿಂದಿನ ವರ್ಷ ಗುಜರಾತ್ ಪರ ಆಡುವಾಗ ರಿಂಕು ಸಿಂಗ್ ಕೈಯಲ್ಲಿ ಕೊನೆ ಓವರಿನಲ್ಲಿ ಐದು ಸಿಕ್ಸ್ ತಿಂದವರು ಇವರೇ. ಮೊದಲ ಬಾಲ್ ಧೋನಿ ಸಿಕ್ಸ್. ಎರಡನೇ ಬಾಲ್ ಧೋನಿ ಔಟ್. ಆ ಓವರಿನಲ್ಲಿ ಒಟ್ಟು ಬಂದದ್ದು 7 ರನ್. ಚೆನ್ನೈ 191ಕ್ಕೆ ನಿಂತಿತು. ಬಬಲೇಶ್ವರದ ತಮ್ಮ ಮೂರು ದಿನ ಗ್ರೂಪ್‌ನಾಗ ಬರಲಿಲ್ಲ. ನಾಲ್ಕು ದಿನಕ್ಕೆ ಎಲಿಮಿನೇಟರ್‌ನಲ್ಲಿ ರಾಜಸ್ಥಾನ ನಮ್ಮನ್ನು ಸೋಲಿಸಿತು, ಆಗ ಬಂದ, ಮೂವತ್ತು ಸ್ಟಿಕ್ಕರ್ ಹೊತ್ತು.

ಕಪ್ ಮೊದಲು ತಂದವರು ಹೆಣ್ಮಕ್ಕಳು

ಇದನ್ನು ಗಂಡುಹುಡುಗರು ಮರೀತಾರೆ, ಅದಕ್ಕೇ ಹೇಳ್ತೀನಿ. 2023ರ ಮೊದಲ ಡಬ್ಲ್ಯುಪಿಎಲ್‌ನಲ್ಲಿ ಆರ್‌ಸಿಬಿ ಮಹಿಳಾ ತಂಡ ಮೊದಲ ಐದೂ ಪಂದ್ಯ ಸೋತಿತ್ತು. ಒಂದೇ ವರ್ಷದಲ್ಲಿ, 2024ರ ಮಾರ್ಚ್ 17ರಂದು, ಡೆಲ್ಲಿಯಲ್ಲಿ ಡೆಲ್ಲಿಯನ್ನೇ ಸೋಲಿಸಿ ಕಪ್ ಎತ್ತಿತು. ಫೈನಲ್‌ನಲ್ಲಿ ನಮ್ಮ ಪಕ್ಕದ ಕಲಬುರಗಿಯ ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4 ವಿಕೆಟ್.

ನಮ್ಮ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಡಬ್ಲ್ಯುಪಿಎಲ್‌ನಲ್ಲಿ ಆಡಿದ್ದು ಎದುರಾಳಿ ಯುಪಿ ವಾರಿಯರ್ಸ್‌ಗೆ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು 15 ರನ್‌ಗೆ 5 ವಿಕೆಟ್ ತೆಗೆದು ಭಾರತವನ್ನು ಸೆಮಿಫೈನಲ್‌ಗೆ ಒಯ್ದವರು ಅವರು. ಅವರು ಬೌಲಿಂಗ್‌ಗೆ ಬಂದಾಗ ನಾನು ಯಾರ ಪರ ಕೂಗಲಿ? ಕೂಗಿದ್ದು ನಮ್ಮೂರ ಪರ. ಎದುರಾಳಿ ಅನ್ನೋ ಗೆರೆ ಎಲ್ಲಿ ಅಳಿಸಿ ಹೋಗ್ತದ ಅಂತ ಅವತ್ತು ಗೊತ್ತಾಯ್ತು.

2025: ಏನು ಬದಲಾಯ್ತು?

ಹರಾಜಿನಲ್ಲಿ ಚೀಲ ಬಿಚ್ಚಿದ ರೀತಿ ಬದಲಾಯ್ತು. ಬೌಲರ್‌ಗಳಿಗೆ ದುಡ್ಡು ಹೋಯ್ತು: ಜೋಶ್ ಹೇಜಲ್‌ವುಡ್‌ಗೆ 12.50 ಕೋಟಿ, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ, ಕೃನಾಲ್ ಪಾಂಡ್ಯಗೆ 5.75 ಕೋಟಿ. ದಯಾಳ್‌ರನ್ನು ಉಳಿಸಿಕೊಂಡರು. ರಜತ್ ಪಾಟೀದಾರ್ ನಾಯಕರಾದರು. ಆ ಸೀಸನ್ನಿನ ಹೊರಗಿನ ಏಳೂ ಲೀಗ್ ಪಂದ್ಯ ಗೆದ್ದ ಟೀಮ್ ಇದು; ಐಪಿಎಲ್‌ನಲ್ಲಿ ಹಿಂದೆ ಯಾರೂ ಮಾಡಿರಲಿಲ್ಲ. ಚೆಪಾಕ್‌ನಲ್ಲಿ 2008ರ ನಂತರ ಮೊದಲ ಗೆಲುವು, ವಾಂಖೆಡೆಯಲ್ಲಿ 2015ರ ನಂತರ ಮೊದಲ ಗೆಲುವು. ಅದೇ ಟೀಮ್ ಚಿನ್ನಸ್ವಾಮಿಯಲ್ಲಿ ಮೊದಲ ಮೂರೂ ಪಂದ್ಯ ಸೋತಿತು. ಗ್ರೌಂಡ್ ಬಗ್ಗೆ ನಾನು ಹೇಳಿದ್ದು ಸುಳ್ಳಲ್ಲ ನೋಡ್ರಿ.

ಜೂನ್ 3, ಅಹಮದಾಬಾದ್, ಪಂಜಾಬ್ ಎದುರು ಫೈನಲ್. ನಮ್ಮದು 190. ಕೃನಾಲ್ ನಾಲ್ಕು ಓವರಿಗೆ ಬರೀ 17 ರನ್ ಕೊಟ್ಟು 2 ವಿಕೆಟ್. ಕೊನೆ ಓವರಿಗೆ ಪಂಜಾಬ್‌ಗೆ 29 ಬೇಕು. ಹೇಜಲ್‌ವುಡ್ ಮೊದಲ ಎರಡು ಬಾಲ್ ಡಾಟ್. ಉಳಿದ ನಾಲ್ಕಕ್ಕೂ ಸಿಕ್ಸ್ ಹೊಡೆದರೂ 24. ಲೆಕ್ಕ ಮುಗಿದಿತ್ತು, ಬೌಂಡರಿ ಹತ್ತಿರ ನಿಂತ ಕೊಹ್ಲಿ ಕಣ್ಣು ತುಂಬಿಕೊಂಡರು. 6 ರನ್ ಗೆಲುವು. 2009ರಲ್ಲಿ ಸೋತದ್ದೂ 6 ರನ್ನಿಂದಲೇ.

ನನ್ನ ಮೊಬೈಲ್ ಟಿವಿಗಿಂತ ಅರ್ಧ ನಿಮಿಷ ಹಿಂದಿತ್ತು. ಹಂಗಾಗಿ ಕಪ್ ಗೆದ್ದದ್ದು ನನಗೆ ಗೊತ್ತಾದದ್ದು ಓಣಿಯ ಕೂಗಿನಿಂದ. ಟಿಕೋಟಾದ ಮುಂಬೈ ಗೆಳೆಯ ಫೋನ್ ಮಾಡಿ ಅಂದದ್ದು ಒಂದೇ ಮಾತು: "ಇನ್ನ ಯಾರಿಗೆ ಕಾಡಿಸ್ಲಿ ದೋಸ್ತ ನಾ?"

ಜೂನ್ 4

ಮರುದಿನ ಸಂಜೆ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಾಗಿ 11 ಜನ ಸತ್ತರು. ಹಲವರು ಗಾಯಗೊಂಡರು. ಬಹುಪಾಲು ನಿಮ್ಮ ವಯಸ್ಸಿನವರೇ.

ನನ್ನ ಸಣ್ಣ ತಮ್ಮ ಬೆಂಗಳೂರಿನಲ್ಲಿ ಓದ್ತಿದ್ದ. ಮಧ್ಯಾಹ್ನ "ಅಣ್ಣಾ, ಸ್ಟೇಡಿಯಂ ಕಡೆ ಹೊಂಟೀನಿ" ಅಂತ ಮೆಸೇಜ್ ಹಾಕಿದ್ದ. ಸುದ್ದಿ ಬಂದ ಮೇಲೆ ಎರಡು ತಾಸು ಅವನ ಫೋನ್ ಹತ್ತಲಿಲ್ಲ. ಅವ್ವ ದೇವರ ಮುಂದೆ ಕೂತುಬಿಟ್ಟಿದ್ದಳು. ಕೊನೆಗೆ ಫೋನ್ ಬಂತು. ಗರ್ದಿ ನೋಡಿ ಅರ್ಧ ದಾರಿಯಲ್ಲೇ ಮೆಟ್ರೊದಿಂದ ವಾಪಸ್ ತಿರುಗಿದ್ದ. ನಮ್ಮ ಮನೆಗೆ ಆ ಫೋನ್ ಬಂತು. ಹನ್ನೊಂದು ಮನೆಗೆ ಬರಲಿಲ್ಲ. 17 ವರ್ಷ ಸೋಲು, ಸೋಲು ಅಂತ ನಾನು ಅತ್ತದ್ದು ಯಾವುದಕ್ಕೆ ಅಂತ ಅವತ್ತು ನನಗೇ ನಾಚಿಕೆ ಆಯ್ತು.

ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಏಕಸದಸ್ಯ ಆಯೋಗ ನೇಮಿಸಿತು. ಅದೇ ವರ್ಷದ ಮಹಾರಾಜ ಟ್ರೋಫಿ ಬೆಂಗಳೂರಿನಿಂದ ಮೈಸೂರಿಗೆ ಹೋಯ್ತು. ಮಹಿಳಾ ವಿಶ್ವಕಪ್‌ನ ಪಂದ್ಯಗಳು ನವಿ ಮುಂಬೈಗೆ ಹೋದವು. ಫ್ಯಾನ್ ಆಗಿ ನಮ್ಮ ಕೈಯಲ್ಲಿರೋದು ಸಣ್ಣದು: ಗರ್ದಿ ನೂಕ್ತಿದ್ದರೆ ವಿಡಿಯೊ ಬಿಟ್ಟು ಹಿಂದಕ್ಕೆ ತಿರುಗೋದು. ಕಪ್ ಮನೆಯಿಂದಲೂ ಕಾಣ್ತದ.

ಹಂಗಾದ್ರ ಬುಲ್ಸ್ ಎಲ್ಲಿ ಹೋಯ್ತು?

ಈಗ ಮೊದಲಿನ ಪ್ರಶ್ನೆ. 2019ರಲ್ಲಿ ಕೆಪಿಎಲ್‌ನಲ್ಲಿ ಫಿಕ್ಸಿಂಗ್ ಆರೋಪ ಬಂತು. ಬೆಂಗಳೂರು ಸಿಸಿಬಿ ಪೊಲೀಸರು ಬೇರೆ ಬೇರೆ ತಂಡಗಳಿಗೆ ಸೇರಿದ ಕೆಲವರನ್ನು ಬಂಧಿಸಿದರು, ಇಡೀ ಲೀಗ್ ನಿಂತಿತು. 2022ರ ಜನವರಿಯಲ್ಲಿ ಹೈಕೋರ್ಟ್, ಫಿಕ್ಸಿಂಗ್ ಐಪಿಸಿ 420ರ ಅಡಿ ವಂಚನೆ ಆಗುವುದಿಲ್ಲ ಎಂದು ಹೇಳಿ ತನ್ನ ಮುಂದೆ ಬಂದವರ ಮೇಲಿನ ಪ್ರಕರಣ ರದ್ದು ಮಾಡಿತು. ಅದೇ ವರ್ಷ ಮಹಾರಾಜ ಟ್ರೋಫಿ ಶುರುವಾಯ್ತು. ತಂಡಗಳು ಆರು: ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ. ಹಳೆಯ ಎದುರಾಳಿಗಳಲ್ಲಿ ಹುಬ್ಬಳ್ಳಿ ಟೈಗರ್ಸ್ ಉಳಿಯಿತು; ಬೆಳಗಾವಿ, ಬಳ್ಳಾರಿ, ನಾವು ಪಟ್ಟಿಯಲ್ಲಿಲ್ಲ.

ಎರಡು ಕಪ್ ಗೆದ್ದ ಟೀಮ್ ಹೀಗೆ ಸದ್ದಿಲ್ಲದೆ ಹೋಗಲು ಕಾರಣ ಏನಂದ್ರೆ, ಅದು ನಮ್ಮೂರಿಗೆ ಬಂದೇ ಇರಲಿಲ್ಲ. ಪಂದ್ಯಗಳು ನಡೆದದ್ದು ಹುಬ್ಬಳ್ಳಿ, ಮೈಸೂರು, ಬೆಂಗಳೂರಿನಲ್ಲಿ. ಊರಿನ ಹೆಸರು 2014ರ ನವೆಂಬರ್ 1ಕ್ಕೆ ವಿಜಯಪುರ ಆದಮೇಲೂ ಟೀಮ್ 'ಬಿಜಾಪುರ' ಆಗಿಯೇ ಉಳಿಯಿತು. ಅದು ಸೋತಾಗ ನಮ್ಮನ್ನು ಕಾಡಿಸೋ ಬೆಳಗಾವಿ ಗೆಳೆಯ ಇರಲಿಲ್ಲ, ಗೆದ್ದಾಗ ಅಸೂಯೆ ಪಡೋ ಹುಬ್ಬಳ್ಳಿ ಬೀಗ ಇರಲಿಲ್ಲ. ಆರ್‌ಸಿಬಿಯೂ ನಮ್ಮೂರಿಗೆ ಬಂದಿಲ್ಲ, ನಿಜ. ಆದರೆ ಅದು ಪ್ರತಿ ಬೇಸಿಗೆ ಮಾವನ ಪಡಸಾಲೆಗೆ, ದ್ರಾಕ್ಷಿ ಶೆಡ್ಡಿಗೆ, ತಮ್ಮನ ಸ್ಟಿಕ್ಕರಿಗೆ ಬಂತು. ಟೀಮನ್ನು ನಮ್ಮದು ಮಾಡೋದು ಕಪ್ ಅಲ್ಲ ರೀ, ಅದರ ಬಗ್ಗೆ ಯಾರ ಜೊತೆ ಜಗಳ ಆಡ್ತೀವಿ ಅನ್ನೋದು.

ನಮ್ಮ ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಹೋಗಿ ನೋಡ್ರಿ, ಪ್ರಾಕ್ಟೀಸ್ ಮಾಡೋ ಹುಡುಗ ಹುಡುಗಿಯರಿದ್ದಾರೆ. ಮುಂದೊಂದು ದಿನ ನಮ್ಮ ಹೆಸರಿನ ಟೀಮ್ ಮತ್ತೆ ಬಂದರೆ, ಒಂದೆರಡು ಪಂದ್ಯವನ್ನಾದ್ರೂ ಈ ಕಡೆ ಆಡಲಿ. ಸೋತರೂ ಪರವಾಗಿಲ್ಲ. ಸೋಲಿಗೆ ಹೆಂಗ ಹೆಗಲು ಕೊಡಬೇಕು ಅಂತ ನಮಗೆ 17 ವರ್ಷದ ಅನುಭವ ಐತಿ.

ನಿಮ್ಮ ಮನೆಯ ಎದುರಾಳಿ ಯಾರು? ಅವರಿಗೇ ಈ ಸಂಚಿಕೆ ಕಳಿಸ್ರಿ. ಮುಂದಿನ ವಾರ ಸಿಗೋಣ, ಬರ್ತೀನ್ರಿ.